ಬರಿಗೈಯಲ್ಲಿ ಹಾಕಿದ ಕೂಗು

ಮಹಿಳಾ ಹಾಸ್ಟೆಲ್, ಶಿಕಾರಿಪುರ
ಸೋಮವಾರ, ೧೨ ಜನವರಿ ೨೦೨೬

ಪ್ರೀತಿಯ ಗಂಗಕ್ಕಾ,

ಗಂಟಲು ಹೇಗಿದೆ? ಊತ ಇಳಿಯಿತಾ? ಆವಿ ತೆಗೆದುಕೊಳ್ಳುತ್ತಿದ್ದೀಯಾ? ಡಾಕ್ಟರ್ ಪಿಸುಮಾತೂ ಕೂಡದು ಅಂದಿದ್ದಾರಂತೆ. ಮೈಸೂರಿನ ಆ ರೂಮಿನಲ್ಲಿ ನೀನು ಹಾಲಿನವನ ಜತೆ ಜಗಳವಾಡದೆ ಕೂತಿದ್ದೀಯ ಎಂದು ನಂಬುವುದೇ ಕಷ್ಟ. ಫೋನ್ ಮಾಡಿದರೆ ನಾನೊಬ್ಬಳೇ ಮಾತಾಡಬೇಕು, ಮೆಸೇಜ್ ಮಾಡಿದರೆ ನೀನೊಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಪತ್ರ; ವಸತಿ ಶಾಲೆಯ ಅಭ್ಯಾಸ ಇನ್ನೂ ಹೋಗಿಲ್ಲ. ನಾನು ಆರಾಮಾಗಿದ್ದೇನೆ. ಇಂಟರ್ನಲ್ಸ್ ಪಾಸಾದೆ, ಆದರೂ ರಿಸಲ್ಟ್ ತಪ್ಪಾಗಿ ಓದಿಕೊಂಡೆನೇನೋ ಎಂದು ಎರಡೆರಡು ಸಲ ನೋಡಿ ಬಂದೆ. ನಿನಗೆ ಗೊತ್ತಲ್ಲ ನನ್ನ ಸ್ವಭಾವ.

ಈಗ ನಿನ್ನ ಮೆಸೇಜಿನ ವಿಷಯ. ಬ್ಯಾಂಡಿನ ಹಾಡನ್ನು ಮತ್ತೆ ರೆಕಾರ್ಡ್ ಮಾಡಿ ನಡುವೆ ಬರುವ ಕುರಿ ಕರೆಯುವ ಕೂಗು ತೆಗೆದುಹಾಕುತ್ತೇನೆ, ಗಂಟಲು ಕೆಟ್ಟಿದ್ದೇ ಅದರಿಂದ, ಅಜ್ಜನಿಗೂ ಸಮಾಧಾನ ಆಗುತ್ತದೆ ಎಂದು ಬರೆದಿದ್ದೀಯ. ಓದಿ ನನಗೆ ಮೆಸ್ಸಿನ ಅನ್ನ ಇಳಿಯಲಿಲ್ಲ. ಶೀತದಲ್ಲೇ ಬಿಡುವಿಲ್ಲದೆ ಶೋ ಮಾಡಿದ್ದಕ್ಕೆ ಗಂಟಲು ಕೆಟ್ಟಿದ್ದು ಎಂದು ಡಾಕ್ಟರೇ ಹೇಳಿದ್ದಾರೆ, ಪಾಪ, ಆ ಕೂಗಿನ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ? ನೀನು ಹಾಡುವ ಬ್ಲೂಸ್ ರಾಕ್ ಅಂದರೇನು ಎಂದು ರೂಮ್‌ಮೇಟ್ ಮಾಲಾ ಕೇಳಿದ್ದಳು. "ಗಿಟಾರ್ ಅಳುತ್ತೆ, ನಮ್ಮಕ್ಕ ಸಮಾಧಾನ ಮಾಡಲ್ಲ, ಅದರ ಜತೆ ಜಗಳಕ್ಕೇ ಬೀಳ್ತಾಳೆ" ಅಂದೆ. ನೀನು ಶುರು ಮಾಡುವುದು ಪಕ್ಕದ ಮನೆಯವರಿಗೆ ಏನೋ ಹೇಳುವ ಹಾಗೆ, ಡ್ರಮ್ಮಿಗಿಂತ ಒಂದು ಚೂರು ತಡವಾಗಿ. ಸಾಲಿನ ಕೊನೆಯಲ್ಲಿ ದನಿ ಹಳೇ ಕಂಬಳಿಯ ಹಾಗೆ ಪರ್ರನೆ ಹರಿಯುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ನಿನಗೆ "ತುಟಿ ಮಾತ್ರ ಆಡಿಸು" ಅಂದಿದ್ದರಲ್ಲ, ಅದೇ ದನಿಗೆ ಈಗ ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ.

ಅಜ್ಜನ ಸಿಟ್ಟೂ ನನಗೆ ಅರ್ಥವಾಗುತ್ತದೆ. ರಜೆಯಲ್ಲಿ ಮಂದೆಯ ಹಿಂದೆ ನಿನ್ನನ್ನು ಕರೆದುಕೊಂಡು ಹೋಗಿ ಆ ಕೂಗು ಕಲಿಸಿದವರೇ ಅವರು. ಕೈಯಲ್ಲಿ ಸೊಪ್ಪೋ ಉಪ್ಪೋ ಇಲ್ಲದೆ ಕೂಗಬಾರದು, ಬರಿಗೈಯಲ್ಲಿ ಕರೆದರೆ ಕುರಿಗೆ ಸುಳ್ಳು ಹೇಳಿದ ಹಾಗೆ ಎಂದು ಕಲಿಸಿದವರೂ ಅವರೇ. ನೀನು ಅದನ್ನು ಸ್ಟೇಜಿನ ಮೇಲೆ ಕೂಗುತ್ತೀಯ ಎಂದು ಗೊತ್ತಾದಾಗ "ಕುರಿ ಇಲ್ದಲ್ಲಿ ಕರೀತಾಳಲ್ಲ, ಅಲ್ಲಿ ಯಾರಿಗೆ ಏನ್ ಕೊಡ್ತಾಳೆ?" ಅಂದವರು ದೀಪಾವಳಿಯಿಂದ ನೀನು ಮಾಡಿದ ಫೋನ್ ಎತ್ತಿಲ್ಲ. ಆದರೆ ಹಾಡನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಕೇಳಿಸಿಯೇ ಬಿಡೋಣ ಎಂದು ನಿನ್ನೆ ಮಾಲಾಳ ಸ್ಪೀಕರ್ ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಸ್ಪೀಕರಿನಲ್ಲಿ ಚಾರ್ಜ್ ಇದೆಯಾ ಎಂದು ತೆಗೆದು ತೆಗೆದು ನೋಡಿದೆ.

ಮಂದೆ ಈಗ ಗುಡವಿ ಹತ್ತಿರ ಸುಬ್ಬಪ್ಪನವರ ಗದ್ದೆಯಲ್ಲಿದೆ. ಕೊಯ್ಲು ಮುಗಿದಿದೆ, ಗೊಬ್ಬರಕ್ಕೆಂದು ಕುರಿ ತರುಬಿಸಿ ಅಲ್ಲೇ ನಿಲ್ಲಿಸಿಕೊಂಡಿದ್ದಾರೆ. ಮಧ್ಯಾಹ್ನ, ಕುರಿಗಳೆಲ್ಲ ಮಾವಿನ ಮರದಡಿ ಮೆಲುಕು ಹಾಕುತ್ತಿದ್ದವು. ನಾನು ದೂರದ ಬದುವಿನ ಮೇಲೆ ಸ್ಪೀಕರ್ ಇಟ್ಟು ಹಾಡು ಹಾಕಿದೆ. ಅಜ್ಜ ಬೇಕಂತಲೇ ಬೆನ್ನು ತಿರುಗಿಸಿ ಕೂತರು. ಗಿಟಾರಿಗೆ ಒಂದು ಕುರಿಯೂ ಕಿವಿ ಆಡಿಸಲಿಲ್ಲ. ಆಮೇಲೆ ನಿನ್ನ ಕೂಗು ಬಂತು ನೋಡು, ಇಡೀ ಮಂದೆ ದಡಬಡ ಎದ್ದಿತು! ಸುಬ್ಬಪ್ಪನವರ ಪಕ್ಕದ ಗದ್ದೆಯ ಉದ್ದಿನ ಸಾಲು ತುಳಿದುಕೊಂಡೇ ಬಂದು ಸ್ಪೀಕರ್ ಸುತ್ತ ನಿಂತು ಮುಖ ಎತ್ತಿ ಕಾದವು. ನಾನು ಅದನ್ನು ಎದೆಗೆ ಅವುಚಿಕೊಂಡು ನಿಂತೆ, ಕೈಯಲ್ಲಿ ಒಂದೆಲೆಯೂ ಇಲ್ಲ. "ಏ ಸಣ್ಣಬೀರಪ್ಪಾ, ನಿನ್ ಕುರಿ ಕಚೇರಿ ಕೇಳಾಕ್ ಹೊಂಟಾವಲ್ಲೋ, ನನ್ ಉದ್ದಿಗೆ ಟಿಕೆಟ್ ಯಾರ್ ಕೊಡ್ತಾರೆ?" ಎಂದು ಸುಬ್ಬಪ್ಪ ಅಪ್ಪನ ಕಡೆ ಕೂಗಿಕೊಂಡರು. ಅಪ್ಪ ನಕ್ಕು ನಕ್ಕು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಅಜ್ಜ ಮಾತ್ರ ನಗಲಿಲ್ಲ. ಹಲಸಿನ ಕೊಂಬೆ ಕಡಿದು ತಂದು ಪ್ರತಿಯೊಂದರ ಬಾಯಿಗೂ ಸೊಪ್ಪು ಕೊಟ್ಟರು. ನನಗೆ ಅಳುವೇ ಬಂತು.

ಆದರೆ ಅಕ್ಕಾ, ಯೋಚಿಸು. ನಾನು ಎಷ್ಟು ಸಲ ಕೂಗಿ ನೋಡಿದ್ದೇನೆ, ಒಂದು ಮರಿಯೂ ತಿರುಗಿ ನೋಡಿಲ್ಲ. ಅಪ್ಪ ಕೂಗಿದರೆ ಅರ್ಧ ಬರುತ್ತವೆ. ನೀನು ಬಿಟ್ಟುಹೋಗಿ ಇಷ್ಟು ವರ್ಷವಾಯಿತು, ಡಬ್ಬಿಯೊಳಗಿಂದ ಕರೆದರೂ ಅಷ್ಟೂ ಎದ್ದು ಬಂದವು. ನಯವಾಗಿ ಹಾಡುವವರು ಎಲ್ಲ ಊರಲ್ಲೂ ಇದ್ದಾರೆ, ಆ ಕೂಗು ತೆಗೆಯಬೇಡ. ನಿನ್ನ ಗಂಟಲು ಸರಿಹೋಗುತ್ತದೆ, ನೀನು ಹಾಡುತ್ತೀಯ, ಅದರಲ್ಲಿ ನನಗೆ ಡೌಟೇ ಇಲ್ಲ. ನನಗೆ ಡೌಟಿಲ್ಲದ ವಿಷಯ ಪ್ರಪಂಚದಲ್ಲಿ ಅದೊಂದೇ.

ಅಮ್ಮ ನಿನಗೆ ಮೆಣಸಿನ ಕಷಾಯ ಕುಡಿ ಅಂದಿದ್ದಾರೆ. ಬ್ಯಾಂಡಿನ ಎಲ್ಲರಿಗೂ ನನ್ನ ನಮಸ್ಕಾರ. ಬೇಗ ಹುಷಾರಾಗು.

ನಿನ್ನ ಪುಕ್ಕಲು ತಂಗಿ,
ಮಧುಶ್ರೀ

ಮರೆತೆ: ಅಲ್ಲ, ಮರೆತಿದ್ದಲ್ಲ, ಈಗಷ್ಟೇ ಅಪ್ಪನ ಫೋನ್ ಬಂತು. ಕವರ್ ಅಂಟಿಸುತ್ತಿದ್ದವಳು ಮತ್ತೆ ಬಿಚ್ಚಿದೆ. ಅಜ್ಜನೇ ಫೋನ್ ಕಸಿದುಕೊಂಡು ಹೇಳಿದ್ದು, ಇದ್ದ ಹಾಗೇ ಬರೆಯುತ್ತೇನೆ: "ಕೂಗು ಸರಿ ಹಾಕ್ಯಾಳೆ. ಆದ್ರೆ ಕರೆದೋಳು ಅವ್ಳು, ಸೊಪ್ಪು ಕೊಟ್ಟೋನು ನಾನು, ಇದೆಲ್ಲಿ ನ್ಯಾಯ? ಬಂದು ಅವ್ಳ ಕೈಯಾರೆ ಕೊಡ್ಲಿ. ಮಾತಾಡ್ಬ್ಯಾಡ ಅಂದಾರಂತಲ್ಲ, ನಾನೇನ್ ಮಾತಾಡ್ಸಲ್ಲ. ಕೊಟ್ಟಾದ್ ಮ್ಯಾಲೆ ಯಾವ ಊರಾಗ್ ಬೇಕಾದ್ರೂ ಕೂಗ್ಲಿ."