ಎರಡು ಪಾತ್ರೆಯ ಸಾರು

ಪ್ರೀತಿಯ ಪಂಪಮ್ಮ ದೊಡ್ಡವ್ವ,

ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಸಿಟ್ಟು ಬಂದರಂತೂ ಅಳುವೇ ಮುಂದಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿ ಓದಿಕೋ.

ಗುರುವಾರ ಬಿಸಿಯೂಟದ ರುಚಿ ನೋಡುವ ಸರದಿ ನನ್ನದಿತ್ತು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ತಾಯಿ ಉಂಡು ನೋಡಬೇಕಲ್ಲ. ನೀನು ಅಡುಗೆ ಕೋಣೆಯಲ್ಲಿ ಮಣೆ ಹಾಕಿ ಕೂರಿಸಿ ಬಡಿಸಿದೆ. ಗಟ್ಟಿ ಬೇಳೆ, ಮೆಂತ್ಯ ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆ. ಇಂಥ ಊಟವನ್ನು ಸಮತಾ ಏಕೆ ಬಿಡುತ್ತಾಳೆ ಎಂದು ಮಗಳ ಮೇಲೆಯೇ ಸಿಟ್ಟಾದೆ. ಒಂದನೇ ತರಗತಿಗೆ ಸೇರಿದಾಗಿನಿಂದ ಅವಳು ಸಂಜೆ ಚೀಲ ಎಸೆದವಳೇ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಾಳೆ. ಶಾಲೆಯಲ್ಲಿ ಏಕೆ ಉಣ್ಣುವುದಿಲ್ಲ ಎಂದು ನಿನ್ನನ್ನು ಕೇಳಿದಾಗ, ನಿನ್ನ ಮಗಳದ್ದು ಬಲು ನಖರಾ ಎಂದಿದ್ದೆ ನೀನು.

ಕೈ ತೊಳೆಯಲು ಹಿಂದಕ್ಕೆ ಹೋದರೆ ನಿನ್ನ ಜೊತೆಗಾತಿ ಶಿವಮ್ಮ ದೊಡ್ಡ ಪಾತ್ರೆಯಿಂದ ಮಕ್ಕಳ ಸಾರನ್ನು ಬಕೆಟ್ಟಿಗೆ ತೋಡುತ್ತಿದ್ದಳು. ಅರಿಶಿನದ ನೀರು. ತಳದಲ್ಲಿ ಬೇಯದ ಬೇಳೆ. ಒಂದೆಲೆ ಸೊಪ್ಪಿಲ್ಲ. ನಾನು ಉಂಡದ್ದು ಮೇಷ್ಟ್ರುಗಳಿಗೆಂದು ಬೇರೆ ಮಾಡಿಟ್ಟ ಸಣ್ಣ ಪಾತ್ರೆಯದು.

ಇದೇನು ದೊಡ್ಡವ್ವ ಎಂದೆ. ನೀನು ಒಲೆ ಒರೆಸುತ್ತಲೇ, "ಏನಾಗೇತಿ ಈಗ? ನೀನೂ ಇದನ್ನ ಉಂಡು ದೊಡ್ಡಾಕಿ ಆದಾಕಿ ಅಲ್ಲೇನು? ಚಲೋ ಐತಿ ಅಂತ ಹೇಳಿ ಸುಮ್ನ ಹೋಗು" ಎಂದೆ. ಶಿವಮ್ಮ ಮುಖ ತಿರುಗಿಸಿ ನಕ್ಕಳು.

ಇಲ್ಲ, ನಾನು ಇದನ್ನು ಉಂಡು ದೊಡ್ಡವಳಾಗಲಿಲ್ಲ. ಅವ್ವ ನಸುಕಿಗೇ ಮಲ್ಲಿಗೆ ಬಿಡಿಸಲು ತೋಟಕ್ಕೆ ಹೋಗುತ್ತಿದ್ದಳು. ಬರಿ ಹೊಟ್ಟೆಯಲ್ಲಿ ಶಾಲೆಗೆ ಬಂದ ನನಗೆ ನೀನು ಅನ್ನ ಹಾಕಿದೆ. ಆಗ ನಿನ್ನ ಒಲೆಯ ಮೇಲೆ ಒಂದೇ ಸಾರು. ಹೆಡ್‌ಮಾಸ್ಟರು ತಮಗೆ ಬೇರೆ ಮಾಡು ಎಂದಾಗ ನಮ್ಮೆಲ್ಲರ ಮುಂದೆ, "ಹುಡುಗ್ರು ಉಂಬೋದನ್ನ ನೀವೂ ಉಣ್ರಿ ಸಾರ್. ಒಲ್ಲೆ ಅಂದ್ರ ಮನಿಯಿಂದ ಬುತ್ತಿ ತರ್ರಿ" ಎಂದಿದ್ದೆ. ಆ ಪಂಪಮ್ಮ ಎಲ್ಲಿ ಹೋದಳು?

ಸಾಮಾನು ಕಡಿಮೆ ಬರುತ್ತದೆ ಎನ್ನುತ್ತೀ. ನಿಜವಿರಬಹುದು. ಕಡಿಮೆ ಬಂದರೆ ಎಲ್ಲರಿಗೂ ಕಡಿಮೆಯಾಗಬೇಕು. ಬಂದ ನಾಲ್ಕು ಸಿವುಡು ಸೊಪ್ಪು ಹಸಿದ ಮಕ್ಕಳನ್ನು ದಾಟಿ ಸಂಬಳದವರ ತಟ್ಟೆಗೆ ಹೇಗೆ ಹೋಯಿತು? ಕೇಳಲು ಅವರಿಗೆ ನಾಚಿಕೆಯಾಗಲಿಲ್ಲ. ಮಾಡಿಕೊಡಲು ನಿನಗೆ ಕೈಯಾದರೂ ಹೇಗೆ ಬಂತು? ಹೆಚ್ಚು ಸಾಮಾನು ಕೊಡಿ ಎಂದು ಕೇಳಲು ನೀನು ಹೊರಟರೆ ತಾಲ್ಲೂಕು ಕಚೇರಿಯವರೆಗೂ ನಾನು ಬರುತ್ತೇನೆ.

ಚಲೋ ಐತಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಸೋಮವಾರ ಮತ್ತೆ ಬರುತ್ತೇನೆ, ಸರದಿ ಇಲ್ಲದಿದ್ದರೂ. ಮುಂದಿನ ಸರದಿಯ ತಾಯಿ ಗೀತಮ್ಮನೂ ಬರುತ್ತೇನೆಂದಿದ್ದಾಳೆ. ಸಣ್ಣ ಪಾತ್ರೆ ಕಂಡರೆ ಅದನ್ನೆತ್ತಿ ಮಕ್ಕಳ ಸಾರಿಗೆ ಸುರಿಯುತ್ತೇನೆ. ಆಮೇಲೆ ಬೇಕಾದರೆ ನಿನ್ನ ಮನೆ ಬಾಗಿಲು ಹಾಕಿಕೋ.

ಅಷ್ಟರೊಳಗೆ ನೀನೇ ಸುರಿದಿದ್ದರೆ, ತಟ್ಟೆ ಹಿಡಿದು ಮಕ್ಕಳ ಸಾಲಿನ ಕೊನೆಗೆ ನಿಲ್ಲುತ್ತೇನೆ. ನನಗೂ ಒಂದು ಸೌಟು ಹಾಕು.

ನಿನ್ನ ಕೈ ಗಟ್ಟಿಯಾಗಿರಲಿ, ದೊಡ್ಡವ್ವ.

ನಿನ್ನ ತಂಗಿಯ ಮಗಳು,
ಲಕ್ಷ್ಮಿದೇವಿ