ಉಳಿದ ಹಾಳೆಗಳು

ಹತ್ತೊಂಬತ್ತನೆಯ ರಬ್ಜುಂಗ್, ಕಬ್ಬಿಣ-ಹಂದಿ ವರ್ಷ, ಹತ್ತನೆಯ ತಿಂಗಳ ಎರಡನೆಯ ಎಂಟು

ಕಾವೇರಿ ಸೀಮೆಯ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಅರವತ್ತು ವರ್ಷಗಳ ಒಂದು ಸುತ್ತಿಗೆ ನಾವು ರಬ್ಜುಂಗ್ ಎನ್ನುತ್ತೇವೆ. ನಮ್ಮ ಪಂಚಾಂಗದಲ್ಲಿ ಒಂದೇ ದಿನ ಎರಡು ಸಲ ಬರುವುದೂ ಉಂಟು. ನಿಮ್ಮ ಲೆಕ್ಕಕ್ಕೆ ಇದು 2151. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಕನ್ನಡವೂ ನನ್ನ ಜೊತೆಗೇ ಮುದಿಯಾಗಿದೆ.

ನನ್ನ ಹೆಸರು ಯಾಂಗ್ಚೆನ್. ನಿಮ್ಮ ಸರಸ್ವತಿಯನ್ನು ಟಿಬೆಟಿನವರು ಕರೆಯುವ ಹೆಸರು ಅದು. ನನ್ನ ಮುತ್ತಜ್ಜಿಯ ಅಜ್ಜಿ ಹುಟ್ಟಿದ್ದು ಟಿಬೆಟಿನಿಂದ ಓಡಿಬಂದ ನಮ್ಮವರಿಗೆ ಕೊಟ್ಟ ಇದೇ ಕ್ಯಾಂಪಿನಲ್ಲಿ. ಆದರೂ ನಾನು ಈ ಕಾಲದ ಭಾಷೆಯಲ್ಲಿ ‘ಹಿರಿಯತಿಥಿ’, ಅಂದರೆ ಎಷ್ಟು ತಲೆಮಾರು ಕಳೆದರೂ ನೆಂಟರಾಗಿಯೇ ಉಳಿದವರು. ಅತಿಥಿ ದೇವೋ ಭವ ಎನ್ನುತ್ತೀರಲ್ಲ, ದೇವರಿಗೆ ಮನೆಯ ಹಕ್ಕು ಯಾಕೆ ಅಂದುಕೊಂಡಿರಬೇಕು. ನಮ್ಮ ಹಿರಿಯರೂ ಏನು ಕಡಿಮೆಯಲ್ಲ. ಬರುವ ವರ್ಷದ ಹಬ್ಬ ಹಿಮದ ಊರಿನಲ್ಲೇ ಎಂದು ನಂಬಿ, ಈ ಮಣ್ಣಿನಲ್ಲಿ ಒಂದು ಮಾವಿನ ಸಸಿಯನ್ನೂ ನೆಡಲಿಲ್ಲ.

ನನ್ನ ಸಂಕಟ ಒಂದು ಗ್ರಂಥದ್ದು. ಸಾವಿರ ವರ್ಷದ ಹಿಂದೆ ನಮ್ಮವರು ಹಿಮ ದಾಟಿ ಬಂದು, ನಿಮ್ಮ ಪಂಡಿತರ ಕಾಲ ಬಳಿ ಕೂತು ಅದನ್ನು ಕಲಿತು, ತಮ್ಮ ಭಾಷೆಗೆ ತಂದರು. ಇಲ್ಲಿ ಮೂಲ ಅಳಿದುಹೋಯಿತು, ಅಲ್ಲಿ ಅನುವಾದ ಉಳಿಯಿತು. ಅದರ ಮೊದಲ ಸಾಲು ಇವತ್ತಿಗೂ ‘ಭಾರತದ ಭಾಷೆಯಲ್ಲಿ ಇದರ ಹೆಸರು’ ಎಂದೇ ಶುರುವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ, ನಿಮ್ಮ ಹಿತ್ತಲಿಗೇ ಹೊತ್ತು ತಂದರೂ ನೀವು ತಿರುಗಿ ನೋಡಲಿಲ್ಲ.

ನಮ್ಮಲ್ಲಿ ಲುಂಗ್ ಎಂಬ ಪದ್ಧತಿಯಿದೆ. ಗುರುವಿನ ಬಾಯಿಂದ ಕೇಳಿದವರು ಹಾಳೆ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೊನೆಯವರೆಗೂ ಕೂತು ಕೇಳಬೇಕು. ಅರ್ಥವಾಗದಿದ್ದರೂ ಪರವಾಗಿಲ್ಲ, ಕಿವಿ ಬೇಕು. ಹಾಗೆ ಬಾಯಿಂದ ಕಿವಿಗೆ ಬಂದ ಸರಪಳಿ ಇದು, ಅದರ ಮೊದಲ ಬಾಯಿ ನಿಮ್ಮವರದು. ಈಗ ಉಳಿದಿರುವುದು ನಾನೊಬ್ಬಳೇ. ನಮ್ಮ ಯುವಕರು ಚಳಿಯ ದೇಶಗಳಿಗೆ ಹೋಗಿಬಿಟ್ಟರು. ಕ್ಯಾಂಪಿನ ಜಾಗ ನೋಡಿಕೊಳ್ಳುವ ಸರ್ಕಾರದ ನೆಲದ ಮಂಡಳಿ ನಮ್ಮ ಗೊಂಪಾವನ್ನು, ಅಂದರೆ ಮಠವನ್ನು, ‘ನೋಡುಮನೆ’ ಮಾಡುತ್ತೇನೆಂದಿತು. ಯಾರೂ ಬಾಳದ, ಟಿಕೆಟು ಕೊಂಡು ನೋಡುವ ಮನೆಗೆ ಹಾಗೆನ್ನುತ್ತಾರೆ. ಗ್ರಂಥಗಳನ್ನೆಲ್ಲ ಗಾಜಿನೊಳಗೆ ಇಟ್ಟು ಮುಚ್ಚುವುದೆಂದಾಯಿತು.

ಕಿವಿ ಹುಡುಕುತ್ತ ಊರೆಲ್ಲ ಅಲೆದೆ. ಪಂಡಿತರು ಪ್ರತಿ ಕಳಿಸಿ ಎಂದರು. ಕೊನೆಗೆ ಬಂದದ್ದು ಪಕ್ಕದ ಹಳ್ಳಿಯಿಂದ ನಮಗೆ ಹಾಲು ಹಾಕುವ ಜವರಮ್ಮ. “ನಂಗೇನ್ ತಿಳಿದದವ್ವ? ಆದ್ರೂ ಕೂತ್ಕತೀನಿ, ನೀ ಓದು,” ಎಂದು ಸೆರಗು ಹೊದ್ದು ಕೂತಳು. ದಿನಾ ಬೆಳಿಗ್ಗೆ ಬಂದಳು. ತೂಕಡಿಸಿದಾಗ ತಾನೇ ಕೆನ್ನೆಗೆ ಬಡಿದುಕೊಂಡಳು. ಇನ್ನು ಕೆಲವೇ ಹಾಳೆಗಳಿದ್ದಾಗ ಮಂಡಳಿಯವರು ಗಾಜು ತಂದರು. “ಇನ್ನೊಂದ್ ಗಳಿಗೆ ಇರ್ರಪ್ಪ, ಮುಗೀಲಿ. ನಾ ಏಳಾಕಿಲ್ಲ!” ಎಂದು ಜವರಮ್ಮ ಕೂಗಿದಳು. ಅವರು ನನ್ನ ಕೈಯಿಂದಲೇ ಹಾಳೆ ತೆಗೆದುಕೊಂಡರು. ವಿದೇಶಿ ವಸ್ತು ಎಂದು ಚೀಟಿ ಅಂಟಿಸಿದರು.

ನಿಮ್ಮ ಕಾಲದಲ್ಲಿ ಗಾಜು ಇನ್ನೂ ಬಂದಿಲ್ಲ. ಚಳಿಗಾಲದಲ್ಲಿ ಮೈಸೂರಿನ ರಸ್ತೆ ಬದಿ ಸ್ವೆಟರ್ ಮಾರುವ ಹೆಂಗಸರಲ್ಲಿ ನನ್ನ ಮುತ್ತಜ್ಜಿಯ ಅಜ್ಜಿಯೂ ಇದ್ದಾಳೆ. ಚೌಕಾಸಿ ಮುಗಿದ ಮೇಲೆ ಅವಳನ್ನು ಕೇಳಿ, ನಿಮ್ಮ ಗೊಂಪಾದಲ್ಲಿ ಓದುವಾಗ ನಾನೂ ಬಂದು ಕೂರಲೇ ಎಂದು. ಆ ಗ್ರಂಥ ಮೂಲದಲ್ಲಿ ನಿಮ್ಮದೇ ಮಾತು, ಕೊನೆಯ ಹಾಳೆಯವರೆಗೆ ಕೂತಿರಿ.

ನಾನೂ ನಾಳೆ ನಮ್ಮ ಯುವಕರಿರುವ ಚಳಿಯ ದೇಶಕ್ಕೆ ಹೊರಡುತ್ತೇನೆ. ಜವರಮ್ಮ ಮಾತ್ರ ದಿನಾ ಹಾಲು ಹಾಕಿ ಮುಗಿಸಿ, ಟಿಕೆಟು ಕೊಂಡು ಒಳಗೆ ಹೋಗಿ, ಆ ಗಾಜಿನ ಮುಂದೆ ಸೆರಗು ಹೊದ್ದು ಕೂರುತ್ತಾಳೆ.

— ಯಾಂಗ್ಚೆನ್