ಏಳು ಒಡೆಯಾಳುಗಳ ಕಚೇರಿಗೆ

ಹುಬ್ಬಳ್ಳಿ, ಇಸವಿ 2118, ಎರಡನೇ ಬೇಸಿಗೆಯ ಹದಿಮೂರನೇ ದಿನ.

ಮುತ್ತಜ್ಜಿ ನೀಲಗಂಗಾ ಅವರಿಗೆ ಮರಿಮೊಮ್ಮಗಳು ಇರುವಂತಿಯ ನಮಸ್ಕಾರ. ನಿಮ್ಮ ಕಾಲದಲ್ಲಿ ಬೇಸಿಗೆ ವರ್ಷಕ್ಕೊಂದೇ ಇತ್ತಂತೆ. ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ.

ನೀವು ಆರು ಜನರೊಡನೆ ಕಟ್ಟಿದ ಸಲಹಾ ಸಹಕಾರ ಸಂಘ ಈಗಲೂ ನಡೆಯುತ್ತಿದೆ. ಕಾರ್ಖಾನೆಗಳಿಗೆ ಹೋಗಿ, ಯಂತ್ರಗಳನ್ನು ನೋಡಿ, ಕೆಲಸಗಾರರಿಗೆ ಎಲ್ಲಿ ಅಪಾಯವಿದೆ ಎಂದು ವರದಿ ಬರೆಯುವುದೇ ಇಂದಿಗೂ ನಮ್ಮ ಕೆಲಸ. ನಮ್ಮನ್ನು ಜನ ಒಡೆಯಾಳುಗಳು ಎನ್ನುತ್ತಾರೆ: ಒಡೆಯರೂ ನಾವೇ, ಆಳುಗಳೂ ನಾವೇ. ಬೆಳಿಗ್ಗೆ ಐದಕ್ಕೆ ಹೊರಟು ಹತ್ತರೊಳಗೆ ಹಿಂತಿರುಗುತ್ತೇವೆ. ಆಮೇಲೆ ನೆರಳುಹೊತ್ತು, ಅಂದರೆ ಬಿಸಿಲಿಗೆ ಹೆದರಿ ಯಾರೂ ಬೀದಿಗಿಳಿಯದ ಆರು ತಾಸು. ಆಗ ನೆಲಮಾಳಿಗೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತ, ವರದಿ ಬರೆಯುತ್ತ, ಜಗಳವಾಡುತ್ತ ಕೂರುತ್ತೇವೆ. ಅಂಥ ಒಂದು ಹೊತ್ತಿನಲ್ಲೇ ನಿಮ್ಮ ಹಳೆಯ ನಡಾವಳಿ ಪುಸ್ತಕಗಳನ್ನು ಓದಿದೆ.

ನೀವು ಹಿಂದೆ ದುಡಿಯುತ್ತಿದ್ದ ಕಂಪನಿಯ ಮಾಲೀಕರು ನಿಮ್ಮ ವರದಿಯಿಂದ ಅಪಾಯದ ಸಾಲುಗಳನ್ನು ಅಳಿಸಿದ್ದಕ್ಕೆ ನೀವೂ ನಿಮ್ಮ ಗೆಳತಿ ಕಸ್ತೂರಿಯವರೂ ಒಂದೇ ದಿನ ರಾಜೀನಾಮೆ ಕೊಟ್ಟಿರಿ. ಸಂಘದ ಕನಸನ್ನು ಮೊದಲು ಕಂಡವರು ಅವರೇ. ಕಾರು ಓಡಿಸುವ ದಾವಲಸಾಬರಿಗೂ ಒಂದು ಮತ ಇರಲೇಬೇಕೆಂದು ಹಟ ಹಿಡಿದವರೂ ಅವರೇ. ಸಂಘ ಕಟ್ಟಿದ ಎಂಟನೇ ತಿಂಗಳಲ್ಲಿ ಒಂದು ದೊಡ್ಡ ಎಣ್ಣೆ ಗಿರಣಿಯವರು, ಬಾಯ್ಲರ್ ಸರಿಯಿದೆ ಎಂದು ಬರೆದರೆ ಮೂರು ವರ್ಷ ಕೆಲಸ ಕೊಡುತ್ತೇವೆ ಎಂದರು. ಆಗ ಕೈಯಲ್ಲಿ ಬೇರೆ ಕೆಲಸವೇ ಇರಲಿಲ್ಲ.

"ಈ ಒಂದ್ ಸಲ ಬರದ್ ಕೊಡೂಣು ನೀಲಾ, ಸಂಘ ಆದ್ರೂ ಉಳೀತೈತಿ," ಎಂದರು ಕಸ್ತೂರಿ. ನೀವು ಒಪ್ಪಲಿಲ್ಲ. ಮತ ಮೂರು ಮೂರಾಗಿ ನಿಂತಿತು. ಉಳಿದವರು ದಾವಲಸಾಬರೊಬ್ಬರೇ.

"ನನಗ ಓದಾಕ ಬರೂದಿಲ್ರೀ. ಆದ್ರ ಆ ಬಾಯ್ಲರ್ ಬಾಜೂಕ ನಿಂತು ಚಾ ಕುಡದೀನಿ, ಎದಿ ಝಲ್ ಅಂತು. ಅಲ್ಲಿ ದಿನಾ ನಿಲ್ಲಾವ್ರು ಅದಾರ. ಬ್ಯಾಡ್ರಿ," ಎಂದರು ಅವರು.

ಕಸ್ತೂರಿ ಸಭೆಯಿಂದ ಎದ್ದುಹೋದರು.

ಈ ಪತ್ರ ಆ ಸಭೆಯ ಮರುವಾರವೇ ನಿಮ್ಮ ಕೈಸೇರಲಿ ಎಂಬುದು ನನ್ನ ಆಸೆ. ಮುಂದಾಗುವುದನ್ನು ಹೇಳುತ್ತೇನೆ. ಗಿರಣಿಯ ಕೆಲಸಗಾರರು ನಿಮ್ಮ ವರದಿ ಹಿಡಿದು ಬಾಗಿಲಲ್ಲಿ ಧರಣಿ ಕೂರುತ್ತಾರೆ, ಬಾಯ್ಲರ್ ಬದಲಾಗುತ್ತದೆ. ಆ ಸುದ್ದಿ ಕೇಳಿ ಊರೂರಿನಿಂದ ನಿಮಗೆ ಕರೆ ಬರುತ್ತದೆ. ಆದರೆ ಹದಿನಾಲ್ಕು ವರ್ಷ ಪ್ರತಿ ಸಭೆಯ ನಡಾವಳಿಯಲ್ಲೂ ನಿಮ್ಮದೇ ಅಕ್ಷರದಲ್ಲಿ ಒಂದು ಸಾಲಿದೆ: "ಕಸ್ತೂರಿ, ಗೈರುಹಾಜರು." ಹೆಸರು ಹೊಡೆದುಹಾಕಲು ನಿಮಗೆ ಮನಸ್ಸೇ ಬರುವುದಿಲ್ಲ. ಹೋಗಿ ಕರೆಯುವುದೂ ಇಲ್ಲ.

ಅವರ ವಂಶದವರನ್ನು ಹುಡುಕಿ ಮಾತಾಡಿಸಿದೆ. ಆ ಹದಿನಾಲ್ಕು ವರ್ಷವೂ, ಕೊನೆಯುಸಿರಿನ ತನಕ, ಕಸ್ತೂರಿ ಪ್ರತಿ ಯುಗಾದಿಗೂ ಬೇವು-ಬೆಲ್ಲ ತಟ್ಟೆಗೆ ಹಾಕಿ, "ನೀಲಾ ಬಂದಿದ್ಲೇನು?" ಎಂದು ಕೇಳುತ್ತಿದ್ದರಂತೆ. ಅವರ ಮನೆ ನಿಮ್ಮ ಕಚೇರಿಯಿಂದ ಎರಡು ಓಣಿ ಆಚೆ.

ಮತ ಬದಲಿಸಬೇಡಿ, ಮುತ್ತಜ್ಜಿ. ಆದರೆ ಗೆದ್ದವರೇ ಮೊದಲು ಹೋಗಬೇಕು. ಇವತ್ತೇ ಹೋಗಿ.

ನಿಮ್ಮನ್ನು ಒಮ್ಮೆಯೂ ಕಾಣದ,
ಇರುವಂತಿ